ಹದ ಬಲ್ಲ ಹಿರಿಯರು, ಯಂತ್ರ ಬಲ್ಲ ಕಿರಿಯರು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಮನಗರ ಮತ್ತು ಬೆಂಗಳೂರು ಗ್ರಾಮಾಂತರ ಪ್ರದೇಶಗಳ ಖುಷ್ಕಿ ಭೂಮಿಯಲ್ಲಿ ರಾಗಿಯು ಮುಖ್ಯ ಆಹಾರ ಬೆಳೆಯಾಗಿದೆ. ಇದರ ತಳಿ, ಗೊಬ್ಬರ, ಬಿತ್ತನೆಯ ಅಂತರ, ಸಸ್ಯ ಸಂರಕ್ಷಣೆ ಇವುಗಳ ಬಗ್ಗೆ ರೈತ ಬಾಂಧವರಿಗೆ ಸಾಕಷ್ಟು ತಿಳಿವಳಿಕೆ ದೊರೆತಿದೆ. ಆದರೂ ಒಳ್ಳೆಯ ತಳಿ ಬಿತ್ತಿ, ಹೇಳಿದಷ್ಟು ಗೊಬ್ಬರ ಕೊಟ್ಟು, ತಕ್ಕಮಟ್ಟಿಗೆ ಮಳೆಯೂ ಬಂದ ಹೊಲಗಳಲ್ಲಿ ಬೆಳೆ ಕೈಕೊಡುವುದುಂಟು. ಇಂತಹ ಕಡೆ ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದೇ. ಜೊತೆಗೆ ಆ ಮನೆಯಲ್ಲಿ ಅಪ್ಪ ಮಗ ಬೇಸಾಯದ ಬಗ್ಗೆ ಎಷ್ಟು ದಿನಕ್ಕೊಮ್ಮೆ ಮಾತನಾಡುತ್ತಾರೆ ಎಂಬುದನ್ನೂ ವಿಚಾರಿಸಬೇಕು.

ಮೂರು ಎಕರೆ ಕೆಂಪು ಮಣ್ಣಿನ ಖುಷ್ಕಿ ಇರುವ ಒಂದು ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ತಂದೆಗೆ ಎಪ್ಪತ್ತು ದಾಟಿದೆ. ಮಗ ಪದವಿ ಓದಿ, ಹತ್ತಿರದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತ, ಬಿಡುವಿನಲ್ಲಿ ಬೇಸಾಯ ನೋಡುತ್ತಾನೆ. ತಂದೆ ಪುನರ್ವಸು ಮಳೆಯಲ್ಲಿ ರಾಗಿ ಬಿತ್ತಿಸಿ, ವಾಡಿಕೆಯಂತೆ ಎಂಟು ಸಾಲಿಗೆ ಒಂದು ಸಾಲು ಅವರೆ ಅಕ್ಕಡಿ ಹಾಕಿಸಿದ್ದಾರೆ. ಮೂರು ವಾರಕ್ಕೆ ಕಳೆ ಎದ್ದಿದೆ. ಆಳು ಸಿಕ್ಕುವುದಿಲ್ಲ, ಸಿಕ್ಕರೂ ಕೂಲಿ ಮೈಮೇಲೆ ಬರುತ್ತದೆ. ಮಗ ಫೋನಿನಲ್ಲಿ ರಾಗಿಯ ಕಳೆನಾಶಕದ ವಿಡಿಯೋ ನೋಡಿ, ಅಂಗಡಿಯಿಂದ 2,4-ಡಿ ತಂದು, ಪಾಳಿ ಮುಗಿಸಿ ಬಂದ ಸಂಜೆ ಹೊಲಕ್ಕೆಲ್ಲ ಸಿಂಪಡಿಸುತ್ತಾನೆ. ಎರಡು ಮೂರು ದಿನಗಳಲ್ಲಿ ಅಗಲ ಎಲೆಯ ಕಳೆಗಳು ಬಾಗತೊಡಗುತ್ತವೆ. ಅವುಗಳ ಜೊತೆಗೆ ಅವರೆಯ ತೊಟ್ಟುಗಳೂ ತಿರುಚಿಕೊಂಡು, ಎಲೆ ಬಟ್ಟಲಿನಂತೆ ಮುದುಡುತ್ತದೆ. ರಾಗಿಗೆ ಏನೂ ಆಗಿಲ್ಲ. ಅಕ್ಕಡಿ ಸಾಲು ಪೂರ್ತಿ ಹೋಗಿದೆ.

“ಅವರೆ ಸಾಲು ಇತ್ತಲ್ಲೋ ಮಗ, ಕಾಣ್ಲಿಲ್ವ?”

“ರಾಗಿಗೆ ಹೊಡೀಬಹುದು ಅಂತ ಇತ್ತಪ್ಪ. ಅವರೆಗೆ ಆಗಲ್ಲ ಅಂತ ನೀನಾದ್ರೂ ಹೇಳಬೋದಾಗಿತ್ತು.”

“ನೀನು ಔಷಧಿ ತರೋದು ನನಗೇನು ಕನಸು ಬಿದ್ದಿತ್ತ?”

ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. 2,4-ಡಿ ಕಳೆನಾಶಕವು 1945ರಿಂದ ಮಾರುಕಟ್ಟೆಯಲ್ಲಿದೆ. ರಾಗಿ, ಜೋಳ, ಭತ್ತ ಮುಂತಾದ ಹುಲ್ಲಿನ ಜಾತಿಯ ಬೆಳೆಗಳನ್ನು ಉಳಿಸಿ ಅಗಲ ಎಲೆಯ ಗಿಡಗಳನ್ನು ಕೊಲ್ಲುವುದು ಇದರ ಗುಣ. ಈ ದ್ರಾವಣಕ್ಕೆ ಅಣ್ಣೆಸೊಪ್ಪೂ ಒಂದೇ, ಅವರೆಯೂ ಒಂದೇ; ತೊಗರಿ, ಅಲಸಂದೆ, ಹುಚ್ಚೆಳ್ಳಿಗೂ ಇದು ವಿಷವೇ. ಅಪ್ಪಟ ರಾಗಿ ಬಿತ್ತಿದ ಹೊಲಕ್ಕೆ ಹೇಳಿದ ಕ್ರಮವನ್ನು ಅಕ್ಕಡಿ ಇರುವ ಹೊಲಕ್ಕೆ ಅನ್ವಯಿಸಿದ್ದರಿಂದ ಈ ನಷ್ಟವಾಯಿತು. ಅಕ್ಕಡಿ ಎಂದರೇನು, ಅದು ಏಕೆ ಬೇಕು ಎಂಬುದು ತಂದೆಗೆ ಗೊತ್ತಿತ್ತು. ಕಳೆನಾಶಕ ಯಾವ ಗಿಡವನ್ನು ಕೊಲ್ಲುತ್ತದೆ ಎಂಬುದನ್ನು ತಿಳಿಯುವ ದಾರಿ ಮಗನ ಕೈಯಲ್ಲಿತ್ತು. ಎರಡು ತಿಳಿವಳಿಕೆಗಳೂ ಒಂದೇ ಸೂರಿನ ಕೆಳಗೆ ಇದ್ದವು.

ಹೋದದ್ದು ಬರೀ ಒಂದು ಸಾಲು ಅವರೆ ಎಂದು ತಳ್ಳಿಹಾಕುವಂತಿಲ್ಲ. ನಾಟಿ ಅವರೆಯು ಹಗಲು ಚಿಕ್ಕದಾಗುವ ಕಾಲಕ್ಕೆ ಹೂ ಬಿಡುವ ಗಿಡ. ರಾಗಿ ಕೊಯ್ದು ಹೊಲ ಬರಿದಾದ ಮೇಲೆ, ಮಂಜಿನ ಕಾಲದಲ್ಲಿ ಅದು ಕಾಯಿ ಕೊಡುತ್ತದೆ. ಮನೆಗೆ ಸಾರಿನ ಕಾಳು, ಸಂತೆಗೆ ಸೊಗಡಿನ ಕಾಯಿ, ದನಕ್ಕೆ ಹೊಟ್ಟು, ಮಣ್ಣಿಗೆ ಬೇರಿನ ಗಂಟುಗಳಿಂದ ಒಂದಿಷ್ಟು ಸಾರಜನಕ ದೊರೆಯುತ್ತವೆ. ನಡುವೆ ಮಳೆ ಹೋಗಿ ರಾಗಿ ಜೊಳ್ಳಾದ ವರ್ಷ ಮನೆ ನಡೆಯುವುದೇ ಅಕ್ಕಡಿಯಿಂದ. ಇಷ್ಟಾದ ಮೇಲೆ ಮಗ ಮರುವರ್ಷ ಅಕ್ಕಡಿಯೇ ಬೇಡವೆಂದು ಬಿಡುತ್ತಾನೆ, ತಂದೆ ಹೊಲದ ಕಡೆ ಹೋಗುವುದನ್ನು ಕಡಿಮೆ ಮಾಡುತ್ತಾರೆ. ಅವರೆ ಹೋದದ್ದಕ್ಕಿಂತ ಇದು ದೊಡ್ಡ ನಷ್ಟ. ಪೂರ್ವ ಒಣ ವಲಯದ ಅನೇಕ ಮನೆಗಳಲ್ಲಿ ಸಣ್ಣ ಪುಟ್ಟ ವ್ಯತ್ಯಾಸಗಳೊಡನೆ ಇದೇ ಕಥೆ ನಡೆದಿದೆ.

ಹಿಂದಿನ ಕಾಲದ ಹೊಸ ಬೀಜ

ಹೊಸದು ಬಂದಾಗ ಹಿರಿಯರು ಗೊಣಗುವುದು, ಕಿರಿಯರು ಅವಸರ ಮಾಡುವುದು ಇಂದಿನದಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಹೊರತಂದರು. ಇಂಡಿಯಾ, ಆಫ್ರಿಕಾ ಎಂಬ ಎರಡು ಹೆಸರುಗಳು ಸೇರಿ ಇಂಡಾಫ್ ಆಯಿತು. 1970ರ ದಶಕದಲ್ಲಿ ಈ ಬೀಜ ಹಳ್ಳಿಗಳನ್ನು ತಲುಪಿದಾಗ ಮೇವು ಹೇಗೋ, ಮುದ್ದೆ ಹೇಗೋ ಎಂದು ಹಿಂದೆಗೆದ ಹಿರಿಯರಿದ್ದರು. ಅವರ ಮಾತು ಮೀರಿ ಬೀಜ ತಂದು ಚೆಲ್ಲಿದ ಯುವಕರೂ ಇದ್ದರು. ಇಂದು ಫೋನು ಹಿಡಿಯಲು ಹಿಂಜರಿಯುವ ತಾತಂದಿರಲ್ಲಿ ಎಷ್ಟೋ ಮಂದಿ ಆ ಯುವಕರೇ ಎಂಬುದನ್ನು ಮೊಮ್ಮಕ್ಕಳು ತಿಳಿದಿರಬೇಕು.

ಆದರೆ ಅಂದಿಗೂ ಇಂದಿಗೂ ಒಂದು ವ್ಯತ್ಯಾಸವಿದೆ. ಅಂದು ಹೊಸದು ಹೊಲಕ್ಕೆ ಬಂದಿತು. ಬೀಜ ಮೊಳೆತದ್ದನ್ನು, ತೆನೆ ಕಟ್ಟಿದ್ದನ್ನು, ಕಣದಲ್ಲಿ ರಾಶಿ ಏರಿದ್ದನ್ನು ಬೇಡವೆಂದ ಅಪ್ಪನೂ ಬದುವಿನ ಮೇಲೆ ನಿಂತು ನೋಡಬಹುದಾಗಿತ್ತು. ಆಕಾಶವಾಣಿಯ ಕೃಷಿ ಕಾರ್ಯಕ್ರಮವನ್ನು ಜಗಲಿಯ ಮೇಲೆ ಕುಳಿತವರೆಲ್ಲ ಒಟ್ಟಿಗೆ ಕೇಳುತ್ತಿದ್ದರು. ಕೇಳಿದ್ದನ್ನು ಅಲ್ಲೇ ಜಗಳವಾಡಿ ತೂಗಿ ನೋಡುತ್ತಿದ್ದರು. ಇಂದಿನ ಸಲಹೆ ಒಬ್ಬನ ಅಂಗೈಗೆ ಬರುತ್ತದೆ. ಅದು ಎಲ್ಲಿಂದ ಬಂತು, ಯಾವ ಮಣ್ಣಿಗೆ ಹೇಳಿದ್ದು ಎಂಬುದು ಮನೆಯ ಉಳಿದವರಿಗೆ ಕಾಣುವುದಿಲ್ಲ. ಕಾಣದ್ದನ್ನು ಒಪ್ಪಿರೆಂದರೆ ಯಾವ ವಯಸ್ಸಿನವರಿಗೂ ಕಷ್ಟ.

ವಯಸ್ಸೇ ಅಡ್ಡಿಯೆಂಬ ಮಾತನ್ನು ವಿಜ್ಞಾನಿಗಳು ಹಿಂದೆಯೇ ಪರಿಶೀಲಿಸಿದ್ದಾರೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮುಸುಕಿನ ಜೋಳವನ್ನು ರೈತರು ಹೇಗೆ ಒಪ್ಪಿಕೊಂಡರು ಎಂಬ ಬಗ್ಗೆ ರಯಾನ್ ಮತ್ತು ಗ್ರಾಸ್ ಎಂಬುವರು 259 ಮಂದಿ ರೈತರನ್ನು ವಿಚಾರಿಸಿ 1943ರಲ್ಲಿ ವರದಿ ಪ್ರಕಟಿಸಿದರು. ಹೊಸ ಬೀಜದ ಸುದ್ದಿಯನ್ನು ಬಹಳ ಮಂದಿಗೆ ಮೊದಲು ಮುಟ್ಟಿಸಿದವರು ಬೀಜ ಮಾರುವವರು. ಬಿತ್ತುವ ಧೈರ್ಯ ಬಂದದ್ದು ನೆರೆಹೊರೆಯವರಿಂದ. ಮೊದಲು ಬಿತ್ತಿದವರು ಅಲ್ಲಿ ತಕ್ಕಮಟ್ಟಿಗೆ ಕಿರಿಯರೇ ಆಗಿದ್ದರು. ಆದರೆ ಮುಂದೆ ಎವೆರೆಟ್ ರೋಜರ್ಸ್ ಅವರು ಇಂತಹ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ವಯಸ್ಸಿಗೂ ಹೊಸ ಪದ್ಧತಿಯನ್ನು ಬೇಗ ಒಪ್ಪುವುದಕ್ಕೂ ಸಂಬಂಧವೇ ಕಂಡುಬರಲಿಲ್ಲ. ಉಳಿದವುಗಳಲ್ಲಿ ಕೆಲವು ಕಿರಿಯರು ಮುಂದೆಂದರೆ ಕೆಲವು ಹಿರಿಯರು ಮುಂದೆಂದವು. ಆದ್ದರಿಂದ “ಮುದುಕರಿಗೆ ಹೊಸದು ತಲೆಗೆ ಹೋಗುವುದಿಲ್ಲ” ಎಂಬ ಮಾತಿಗೆ ಆಧಾರ ಸಾಲದು. ಕಲಿಸುವವರು ಯಾರನ್ನು ಕರೆದು ಕಲಿಸುತ್ತಿದ್ದಾರೆ ಎಂದು ಕೇಳುವುದು ಹೆಚ್ಚು ಪ್ರಯೋಜನಕಾರಿ. ತರಬೇತಿಯ ಕರೆ ಫೋನಿಗೆ ಬರುತ್ತದೆ. ಫೋನು ಇರುವವನು ಹೋಗುತ್ತಾನೆ. ಇದರಲ್ಲಿ ವಿಸ್ತರಣಾ ಕೆಲಸದವರ ಪಾಲಿನ ತಪ್ಪೂ ಇದೆ.

ಹದ ಭಾನುವಾರಕ್ಕೆ ಕಾಯುವುದಿಲ್ಲ

ಟ್ರ್ಯಾಕ್ಟರಿನಿಂದ ಆದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಒಂದು ಜೊತೆ ಎತ್ತು ದಿನವಿಡೀ ಉಳುವ ಭೂಮಿಯನ್ನು ಅದು ಒಂದೆರಡು ಗಂಟೆಯಲ್ಲಿ ಮುಗಿಸುತ್ತದೆ. ಆದರೆ ಎತ್ತು ಮನೆಯದು, ಟ್ರ್ಯಾಕ್ಟರು ಹೆಚ್ಚಿನವರಿಗೆ ಬಾಡಿಗೆಯದು. ಮನೆಯ ಎತ್ತು ಹೊಲ ಹದಕ್ಕೆ ಬಂದಾಗ ಹೊರಡುತ್ತಿತ್ತು. ಬಾಡಿಗೆಯ ಟ್ರ್ಯಾಕ್ಟರು ಮಾಲೀಕನಿಗೆ ಪುರಸತ್ತಾದಾಗ ಬರುತ್ತದೆ, ಅಥವಾ ಮಗನಿಗೆ ರಜೆ ಇರುವ ಭಾನುವಾರ ಬರುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಹದ ಮಳೆ ನಿಂತ ಮೇಲೆ ಎರಡು ಮೂರು ದಿನ ಮಾತ್ರ ಉಳಿಯುತ್ತದೆ. ಬುಧವಾರ ಬಂದ ಹದ ಭಾನುವಾರಕ್ಕೆ ಇರುವುದಿಲ್ಲ.

ಹದ ನೋಡುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲವಾದರೂ ಇಲ್ಲಿ ಹೇಳಬಹುದಾದಷ್ಟು ಹೀಗಿದೆ. ಮೇಲಿನ ಒಣ ಪುಡಿಯನ್ನು ಸರಿಸಿ, ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಬೇಕು. ಉಂಡೆಯಾಗಬೇಕು, ಎದೆಯೆತ್ತರದಿಂದ ಕೆಳಗೆ ಬಿಟ್ಟರೆ ಒಡೆದು ಪುಡಿಯಾಗಬೇಕು. ಅಂಗೈಗೆ ಮೆತ್ತಿಕೊಂಡರೆ ಹಸಿ ಹೆಚ್ಚು. ಉಂಡೆಯೇ ಕಟ್ಟದಿದ್ದರೆ ಹದ ಮೀರಿದೆ. ಹಿರಿಯರು ಇಷ್ಟನ್ನೂ ಮಾಡುವುದಿಲ್ಲ, ಬರಿಗಾಲಿನಲ್ಲಿ ಹೊಲ ದಾಟುವಾಗಲೇ ಹೇಳಿಬಿಡುತ್ತಾರೆ. ಹಸಿ ಹೆಚ್ಚಿದ್ದಾಗ ಸುಮಾರು ಎರಡು ಟನ್ ತೂಕದ ಯಂತ್ರ ಹಾಯ್ದರೆ ಮೇಲೆ ಉಳುಮೆ ಚೆನ್ನಾಗಿ ಕಂಡರೂ ನೇಗಿಲಿನ ಕೆಳಗೆ ಗಟ್ಟಿ ಪದರ ಕೂರುತ್ತದೆ. ಬೇರು ಅಲ್ಲಿಗೆ ನಿಲ್ಲುತ್ತದೆ. ಮಳೆ ನೀರೂ ಅಲ್ಲಿಗೆ ನಿಲ್ಲುತ್ತದೆ. ಇಳಿಜಾರು ಹೊಲದಲ್ಲಿ ತಿರುವು ಕಡಿಮೆಯಾಗಲೆಂದು ಮೇಲಿಂದ ಕೆಳಕ್ಕೆ ಉದ್ದುದ್ದ ಹೊಡೆಸುವುದು ಇನ್ನೊಂದು ತಪ್ಪು. ಪ್ರತಿ ಸಾಲೂ ನೀರಿಗೆ ಕಾಲುವೆಯಾಗಿ ಮೇಲ್ಮಣ್ಣು ಕೆರೆ ಸೇರುತ್ತದೆ. ಗಂಟೆಯ ಲೆಕ್ಕದಲ್ಲಿ ಉಳಿದ ಹಣ ಗೊಬ್ಬರದ ಲೆಕ್ಕದಲ್ಲಿ ಹೋಗುತ್ತದೆ.

ಬಿತ್ತನೆಯಲ್ಲಿ ನಷ್ಟ ಇನ್ನೂ ಸೂಕ್ಷ್ಮ. ರಾಗಿಯ ಸಾವಿರ ಕಾಳಿನ ತೂಕ ಮೂರು ಗ್ರಾಮಿನ ಆಸುಪಾಸು. ಅಷ್ಟು ಸಣ್ಣ ಬೀಜ ಒಂದು ಅಂಗುಲಕ್ಕಿಂತ ಆಳಕ್ಕೆ ಬಿದ್ದರೆ ಮೊಳಕೆ ಮೇಲೆ ಬರಲು ಕಷ್ಟ. ಬೀಜ ಚೆಲ್ಲಿ ರೋಟವೇಟರ್ ಹೊಡೆಸಿದಾಗ ಬಹುಪಾಲು ಬೀಜ ಅದಕ್ಕಿಂತ ಕೆಳಗೆ ಹೂತುಹೋಗುತ್ತದೆ. ಮೇಲೆ ಒಂದು ಬಿರುಸು ಮಳೆ ಬಿದ್ದು ಮಣ್ಣು ಹೆಪ್ಪುಗಟ್ಟಿದರೆ ಉಳಿದದ್ದೂ ಹೋಗುತ್ತದೆ. ಆಗ ಮಗ ಬೀಜ ಕಳಪೆಯೆಂದು ಅಂಗಡಿಯವನೊಡನೆ ಜಗಳಕ್ಕೆ ಹೋಗುತ್ತಾನೆ. ಕೂರಿಗೆಯ ಕಾಲದಲ್ಲಿ ಬಟ್ಟಲಿಗೆ ಬೀಜ ಬಿಡುವ ಹೆಂಗಸಿನ ಬೆರಳುಗಳಿಗೆ ಬೀಜದ ಪ್ರಮಾಣ ಗೊತ್ತಿತ್ತು, ಕೂರಿಗೆ ಒತ್ತುವವನ ಕೈಗೆ ಆಳ ಗೊತ್ತಿತ್ತು, ಹಿಂದೆ ಕಟ್ಟಿದ ಸಡ್ಡೆಯಲ್ಲಿ ಅಕ್ಕಡಿ ಸಾಲು ತಾನಾಗಿ ಬೀಳುತ್ತಿತ್ತು. ಕೂರಿಗೆ ಅಟ್ಟ ಸೇರಿದಾಗ ಈ ಮೂವರ ಕೆಲಸವೂ ಒಟ್ಟಿಗೆ ನಿಂತಿತು. ಹಳೆಯ ಕೂರಿಗೆಯನ್ನೇ ಮತ್ತೆ ಹೂಡಬೇಕೆಂದು ಇದರ ಅರ್ಥವಲ್ಲ; ಎತ್ತು ಸಾಕುವ ಖರ್ಚು ಮೂರೆಕರೆ ಹೊಲಕ್ಕೆ ಗಿಟ್ಟುವುದಿಲ್ಲ. ಟ್ರ್ಯಾಕ್ಟರಿಗೆ ಹೂಡುವ ಬಿತ್ತನೆ ಕೂರಿಗೆಗಳು ಈಗ ದೊರೆಯುತ್ತವೆ. ಎಕರೆಗೆ ಸುಮಾರು ನಾಲ್ಕು ಕೆ.ಜಿ. ಬೀಜ, ಸಾಲಿನಿಂದ ಸಾಲಿಗೆ ಒಂದು ಅಡಿ ಬರುವಂತೆ ಅವುಗಳನ್ನು ಹೊಂದಿಸಬಹುದು. ಮೊದಲ ಸುತ್ತು ಹೊಡೆದ ಕೂಡಲೇ ಯಂತ್ರ ನಿಲ್ಲಿಸಿ, ಸಾಲನ್ನು ಕೆದಕಿ, ಬೀಜ ಎಷ್ಟು ಆಳಕ್ಕೆ ಬಿದ್ದಿದೆಯೆಂದು ಹಿರಿಯರಿಗೆ ತೋರಿಸಿ ಮುಂದುವರಿಯುವುದು ಒಳ್ಳೆಯದು. ಇದಕ್ಕೆ ಐದು ನಿಮಿಷ ಸಾಕು.

ಮಳೆ ನಕ್ಷತ್ರ ಮತ್ತು ಮುನ್ಸೂಚನೆ

ಬಿತ್ತನೆಯ ದಿನದ ವಿಷಯದಲ್ಲಿ ಆಗುವಷ್ಟು ವಾದ ಬೇರಾವುದರಲ್ಲೂ ಆಗುವುದಿಲ್ಲ. ತಾತ ಆರಿದ್ರಾ, ಪುನರ್ವಸು ಎನ್ನುತ್ತಾರೆ. ಮೊಮ್ಮಗ ಫೋನು ನೋಡಿ ಗುರುವಾರ ಮಳೆ ಇದೆ ಎನ್ನುತ್ತಾನೆ. ಒಬ್ಬರದು ಮೂಢನಂಬಿಕೆ, ಇನ್ನೊಬ್ಬರದು ಹುಡುಗಾಟ ಎಂದು ಪರಸ್ಪರ ತೀರ್ಮಾನವಾಗುತ್ತದೆ. ಇವರಿಬ್ಬರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದಾರೆ ಎಂಬುದು ಇಬ್ಬರಿಗೂ ಹೊಳೆಯುವುದಿಲ್ಲ.

ಮಳೆ ನಕ್ಷತ್ರಗಳು ಸೂರ್ಯನ ಚಲನೆಯನ್ನು ಅನುಸರಿಸುತ್ತವೆ. ಆದ್ದರಿಂದ ಹಬ್ಬಗಳಂತೆ ಅವು ಹಿಂದೆ ಮುಂದೆ ಆಗುವುದಿಲ್ಲ. ಆರಿದ್ರಾ ಪ್ರತಿ ವರ್ಷವೂ ಜೂನ್ 21 ಅಥವಾ 22ರ ಹೊತ್ತಿಗೆ ಹುಟ್ಟುತ್ತದೆ, ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಎಪ್ಪತ್ತು ವರ್ಷಕ್ಕೆ ಒಂದು ದಿನದಷ್ಟು ಇದು ಸರಿಯುತ್ತದೆಯಾದರೂ ಒಂದು ತಲೆಮಾರಿನ ಬೇಸಾಯಕ್ಕೆ ಅದು ಲೆಕ್ಕಕ್ಕಿಲ್ಲ. ಅಂದರೆ ಹಿರಿಯರ ಬಾಯಲ್ಲಿರುವುದು ಒಂದು ಋತುಮಾನದ ಪಟ್ಟಿ. ನಾಳೆ ಮಳೆ ಬರುವುದೇ ಎಂಬುದನ್ನು ಅದು ಹೇಳಲಾರದು. ಆದರೆ ಇಂದು ಬಿತ್ತಿದರೆ ಮುಂದೆ ಎಷ್ಟು ಮಳೆಗಾಲ ಉಳಿದಿದೆ, ಆದ್ದರಿಂದ ಎಷ್ಟು ದಿನದ ತಳಿ ಬೇಕು ಎಂಬುದನ್ನು ಸೊಗಸಾಗಿ ಹೇಳುತ್ತದೆ. ಫೋನಿನ ಮುನ್ಸೂಚನೆಯದು ಇದಕ್ಕೆ ವಿರುದ್ಧ ಸ್ವಭಾವ. ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ಮೇಘದೂತ್ ಆಪ್‌ನಲ್ಲಿ ಮುಂದಿನ ಐದು ದಿನಗಳ ಹವಾಮಾನ ಮತ್ತು ಅದಕ್ಕೆ ತಕ್ಕ ಬೇಸಾಯ ಸಲಹೆ ದೊರೆಯುತ್ತದೆ. ಈ ಸಲಹೆಗಳನ್ನು ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಸಿದ್ಧಪಡಿಸುವ ಕ್ರಮವಿದೆ. ಈ ವಾರ ಬಿತ್ತಬಹುದೇ, ಮೇಲುಗೊಬ್ಬರ ಕೊಡಬಹುದೇ ಎಂಬುದಕ್ಕೆ ಇದು ಉಪಯುಕ್ತ. ಸೆಪ್ಟೆಂಬರ್ ಹೇಗಿದ್ದೀತು ಎಂಬುದನ್ನು ಅಲ್ಲಿ ಹುಡುಕಬಾರದು.

ಬೆಂಗಳೂರಿನ ಸುತ್ತಮುತ್ತ ಹೆಚ್ಚು ಮಳೆ ಸುರಿಯುವ ತಿಂಗಳು ಸೆಪ್ಟೆಂಬರ್. ರಾಗಿ ತೆನೆ ಹೊರಡುವುದು ಈ ಹೊತ್ತಿಗೆ ಸರಿಹೋದರೆ ಕಾಳು ತುಂಬುತ್ತದೆ. 120-125 ದಿನಗಳ ಎಂ.ಆರ್. 1, ಎಲ್. 5 ಮುಂತಾದ ದೀರ್ಘಾವಧಿ ತಳಿಗಳನ್ನು ಜೂನ್ ಜುಲೈನಲ್ಲಿ, ಸುಮಾರು 110-115 ದಿನಗಳ ಜಿ.ಪಿ.ಯು. 28 ತಳಿಯನ್ನು ಜುಲೈನಿಂದ ಆಗಸ್ಟ್ ನಡುವಿನವರೆಗೆ, 95-100 ದಿನಗಳ ಜಿ.ಪಿ.ಯು. 48, ಇಂಡಾಫ್ 9 ಮುಂತಾದವನ್ನು ಅದಕ್ಕೂ ತಡವಾದಾಗ ಬಿತ್ತಬೇಕೆಂಬ ಶಿಫಾರಸಿನ ಹಿಂದಿರುವುದು ಇದೇ ಲೆಕ್ಕ. ಹಿರಿಯರ ಭಾಷೆಯಲ್ಲಿ ಹೇಳುವುದಾದರೆ ಆರಿದ್ರಾ, ಪುನರ್ವಸುವಿಗೆ ದೊಡ್ಡ ರಾಗಿ, ಪುಷ್ಯ ಆಶ್ಲೇಷಕ್ಕೆ ನಡು ರಾಗಿ, ಮಘಾ ಬಂದ ಮೇಲೆ ಪುಟ್ಟ ರಾಗಿ. ಮಘಾ ಮಳೆಯಲ್ಲಿ “ಗುರುವಾರ ಮಳೆ ಇದೆ” ಎಂಬ ಒಂದೇ ಆಧಾರದ ಮೇಲೆ ಮನೆಯಲ್ಲಿದ್ದ ದೀರ್ಘಾವಧಿ ಬೀಜವನ್ನು ಬಿತ್ತಿದವನ ರಾಗಿ ನವೆಂಬರಿನ ಒಣ ಗಾಳಿಯಲ್ಲಿ ತೆನೆ ಹೊರಡುತ್ತದೆ. ಅತ್ತ, ಆರಿದ್ರಾ ಹುಟ್ಟಿತೆಂದು ಒಣ ಮಣ್ಣಿನಲ್ಲಿ ಬಿತ್ತಿ, ಐದು ದಿನ ಮಳೆಯಿಲ್ಲವೆಂದು ಮಗ ಹೇಳಿದ್ದನ್ನು ಕೇಳದ ತಂದೆಯ ಬೀಜವನ್ನು ಇರುವೆ ಹೊತ್ತುಕೊಂಡು ಹೋಗುತ್ತದೆ.

ಪಹಣಿ ಹಿರಿಯರದು, ಸಂದೇಶ ಕಿರಿಯರದು

ಬೇಸಾಯದ ಹೊರಗೆ ನಡೆಯುವ ಇನ್ನೊಂದು ಬದಲಾವಣೆ ಹಿರಿಯರ ಮನಸ್ಸನ್ನು ಇದಕ್ಕಿಂತ ಹೆಚ್ಚು ನೋಯಿಸುತ್ತಿದೆ. ಭೂಮಿ ಯೋಜನೆಯಿಂದ ಪಹಣಿಗಳು ಗಣಕಕ್ಕೆ ಸೇರಿದವು. 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ನೇರವಾಗಿ ಖಾತೆಗೆ ಬರುತ್ತದೆ. ಬೆಂಬಲ ಬೆಲೆಗೆ ರಾಗಿ ಮಾರಲು ಫ್ರೂಟ್ಸ್ ನೋಂದಣಿ ಬೇಕು. 2020ರಿಂದ ಬೆಳೆ ಸಮೀಕ್ಷೆಯ ಆಪ್‌ನಲ್ಲಿ ರೈತರೇ ತಮ್ಮ ಬೆಳೆಯ ವಿವರ, ಚಿತ್ರ ಸೇರಿಸುವ ಅವಕಾಶವಿದೆ. ಮಧ್ಯವರ್ತಿಗಳ ಕಾಟ ತಪ್ಪಿಸುವಲ್ಲಿ ಇವುಗಳಿಂದ ಅನುಕೂಲವಾಗಿದೆ.

ಆದರೆ ಪಹಣಿಯಲ್ಲಿ ಹೆಸರು ತಂದೆಯದು. ನೋಂದಾಯಿಸಿದ ನಂಬರು ಮಗನದು. ಒ.ಟಿ.ಪಿ. ಬರುವುದು ಪಾಳಿಯಲ್ಲಿರುವ ಮಗನ ಜೇಬಿಗೆ. ಕಂತು ಬಂದ ಸಂದೇಶವೂ ಅಲ್ಲಿಗೇ. ಕೇಂದ್ರದಲ್ಲಿ ಕುಳಿತ ತಂದೆ “ಮಗಂಗೆ ಒಂದು ಫೋನ್ ಮಾಡಿಕೊಡಿ ಸ್ವಾಮಿ” ಎಂದು ಪರಿಚಯವಿಲ್ಲದವರನ್ನು ಕೇಳಬೇಕಾಗುತ್ತದೆ. ಬೆರಳಚ್ಚು ಕೊಡೋಣವೆಂದರೆ ಯಂತ್ರ ಒಪ್ಪುವುದಿಲ್ಲ. ಕುಡುಗೋಲು, ಮೇಣಿ, ಹಗ್ಗ ಹಿಡಿದು ಬೆರಳಿನ ಗೆರೆ ಸವೆದಿರುತ್ತದೆ. ಐವತ್ತು ವರ್ಷ ದುಡಿದ ಗುರುತೇ ಗುರುತು ಹಿಡಿಯಲು ಅಡ್ಡಿಯಾಗುತ್ತದೆ. ಒಮ್ಮೆ ಹೀಗಾದ ಮೇಲೆ ಹಿರಿಯರು “ನೀನೇ ನೋಡ್ಕೋ” ಎಂದು ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಕಾಗದ ಪತ್ರ ಬಿಟ್ಟವರು ಕ್ರಮೇಣ ಯಾವ ತಳಿ, ಯಾವ ಹೊಲ ಎಂಬ ಮಾತನ್ನೂ ಬಿಡುತ್ತಾರೆ. ಕಳೆನಾಶಕದ ವಿಷಯ ಮಗ ತಂದೆಗೆ ಹೇಳದಿರಲು, ತಂದೆ ಕೇಳದಿರಲು ಬಹುಮಟ್ಟಿಗೆ ಇದೇ ಕಾರಣ.

ಇದಕ್ಕೆ ಕೆಲವು ಸುಲಭ ಉಪಾಯಗಳಿವೆ. ತಂದೆಯ ಹೆಸರಿನಲ್ಲೇ ಒಂದು ಸಾದಾ ಗುಂಡಿಯ ಫೋನು ಇರಲಿ. ಆಧಾರ್, ಬ್ಯಾಂಕು, ಫ್ರೂಟ್ಸ್ ಮೂರಕ್ಕೂ ಆ ನಂಬರನ್ನೇ ಸೇರಿಸಲಿ. ಒ.ಟಿ.ಪಿ. ಬರಲು ಅದು ಸಾಕು. ಆ ಅಂಕಿಯನ್ನು ಫೋನಿನಲ್ಲಿ ಕೇಳುವ ಅಪರಿಚಿತರಿಗೆ ಹೇಳಬಾರದೆಂಬುದನ್ನು ಅದೇ ದಿನ ತಿಳಿಸಬೇಕು. ಬೆರಳಚ್ಚು ಬಾರದವರಿಗೆ ಪಿ.ಎಂ. ಕಿಸಾನ್ ಆಪ್‌ನಲ್ಲಿ 2023ರಿಂದ ಮುಖ ತೋರಿಸಿ ದೃಢೀಕರಿಸುವ ಸೌಲಭ್ಯವಿದೆ. ಬೆಳೆ ಸಮೀಕ್ಷೆಯ ಚಿತ್ರ ತೆಗೆಯಲು ಮಗ ಹೊಲಕ್ಕೆ ಹೋಗುವಾಗ ತಂದೆಯನ್ನೂ ಕರೆದುಕೊಂಡು ಹೋಗಲಿ. ಅಕ್ಕಡಿಯಲ್ಲಿರುವ ಅವರೆ, ತೊಗರಿಯೂ ಬೆಳೆಯೇ. ಬರೀ ರಾಗಿ ಎಂದು ದಾಖಲಿಸಿ ಬರುವ ಹುಡುಗರಿದ್ದಾರೆ. ಕಿಸಾನ್ ಕಾಲ್ ಸೆಂಟರಿನ 1800-180-1551 ಎಂಬ ನಂಬರಿಗೆ ಯಾವ ಫೋನಿನಿಂದಲಾದರೂ ಪುಕ್ಕಟೆಯಾಗಿ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕನ್ನಡದಲ್ಲೇ ಮಾತನಾಡಬಹುದು. 2004ರಿಂದ ನಡೆದಿರುವ ಈ ಸೇವೆಗೆ ಜಗಲಿಯ ಮೇಲೆ ಕುಳಿತು, ಎಲ್ಲರಿಗೂ ಕೇಳುವಂತೆ ಧ್ವನಿ ದೊಡ್ಡದು ಮಾಡಿ ಕರೆ ಮಾಡುವುದು ಲೇಸು. ಹೊಲದ ಲಕ್ಷಣವನ್ನು ಹಿರಿಯರು ವಿವರಿಸಲಿ, ಔಷಧಿಯ ಹೆಸರನ್ನು ಕಿರಿಯರು ಬರೆದುಕೊಳ್ಳಲಿ.

ಒಂದೇ ಹೊಲದಲ್ಲಿ ಎರಡು ಪಟ್ಟಿ

ಹಿರಿಯರು ಹೇಳಿದ್ದೆಲ್ಲ ಸರಿಯೆಂದೂ ತಿಳಿಯಬಾರದು. ಕುತ್ತಿಗೆ ಬೆಂಕಿ ರೋಗಕ್ಕೆ ಸುಲಭವಾಗಿ ತುತ್ತಾಗುವ ಹಳೆಯ ತಳಿಯನ್ನೇ ಹಿಡಿದು, ರೋಗ ತಡೆಯುವ ಜಿ.ಪಿ.ಯು. 28 ಬೇಡವೆನ್ನುವವರು, ಎಕರೆಗೆ ಎಂಟು ಹತ್ತು ಸೇರು ಬೀಜ ಚೆಲ್ಲಿ ಪೈರನ್ನು ಒತ್ತೊತ್ತಾಗಿಸುವವರು, ಯೂರಿಯಾವನ್ನೆಲ್ಲ ಒಂದೇ ಸಲ ಸುರಿಯುವವರು ಅವರಲ್ಲೂ ಇದ್ದಾರೆ. ಇಂತಹ ವಿಷಯಗಳನ್ನು ಬಾಯಿಮಾತಿನಲ್ಲಿ ತೀರ್ಮಾನಿಸಲು ಹೋದರೆ ಮನಸ್ತಾಪವೇ ಫಲ. ಒಂದೇ ಹೊಲದಲ್ಲಿ ಐದೈದು ಗುಂಟೆಯ ಎರಡು ಪಟ್ಟಿ ಮಾಡಿ, ಒಂದರಲ್ಲಿ ತಂದೆಯ ಕ್ರಮ, ಇನ್ನೊಂದರಲ್ಲಿ ಮಗನ ಕ್ರಮ ಅನುಸರಿಸಬೇಕು. ಒಂದು ವರ್ಷ ಒಂದೇ ವಿಷಯ ಬದಲಾಗಲಿ. ತಳಿಯ ಪರೀಕ್ಷೆಯಾದರೆ ಗೊಬ್ಬರ, ಬಿತ್ತಿದ ದಿನ ಎರಡಕ್ಕೂ ಒಂದೇ ಇರಲಿ. ಪಟ್ಟಿಗಳು ಮಣ್ಣಿನಲ್ಲಿ ಸಮನಾಗಿರಬೇಕು, ಒಂದು ತಗ್ಗಿನಲ್ಲಿ ಇನ್ನೊಂದು ದಿಣ್ಣೆಯಲ್ಲಿ ಇರಬಾರದು. ಕಾಳನ್ನು ತೂಗಿದಂತೆ ಹುಲ್ಲನ್ನೂ ತೂಗಬೇಕು. ಮಗ ಕಾಳಿನ ತೂಕ ನೋಡಿ ಗೆದ್ದೆನೆನ್ನುವಾಗ ತಂದೆ ಕೊಟ್ಟಿಗೆಯ ಎರಡು ಹಸುವಿಗೆ ಬೇಸಿಗೆಯವರೆಗೆ ಮೇವು ಸಾಲದೆಂದು ಲೆಕ್ಕ ಹಾಕುತ್ತಿರುತ್ತಾರೆ. ಎರಡೂ ಲೆಕ್ಕ ಒಂದೇ ಚೀಟಿಯಲ್ಲಿರಲಿ.

ಬಿತ್ತನೆ ಬೀಜ ಕಾದಿಡುವುದು ಹೆಚ್ಚಿನ ಮನೆಗಳಲ್ಲಿ ಅಜ್ಜಿಯ ಕೆಲಸ. ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಇಡುವುದರಿಂದ ಕಾಳು ಕೊರೆಯುವ ದುಂಬಿಯ ಕಾಟ ಕಡಿಮೆಯಾಗುತ್ತದೆ. ಪ್ಯಾಕೆಟ್ ಬೀಜ ಬಂದ ಮೇಲೆ ಸೊಸೆಯಂದಿರು ಇದನ್ನು ಕಲಿಯುವ ಸಂದರ್ಭವೇ ಬಂದಿಲ್ಲ. ಅಕ್ಕಡಿಗೆ ಬೇಕಾದ ನಾಟಿ ಅವರೆ ಬೀಜ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕದ ಕಾರಣ, ಒಂದು ಸುಗ್ಗಿಯಲ್ಲಾದರೂ ಇಬ್ಬರೂ ಕೂಡಿ ಈ ಕೆಲಸ ಮಾಡುವುದು ಸೂಕ್ತ.

ಕಳೆನಾಶಕದ ವಿಷಯದಲ್ಲಿ ಇನ್ನೆರಡು ಮಾತು. ಅಕ್ಕಡಿ ಇರುವ ಹೊಲದಲ್ಲಿ 2,4-ಡಿ ಬಳಸದೆ ಎಡೆಕುಂಟೆ ಹೊಡೆದು ಸಾಲಿನೊಳಗಿನ ಕಳೆಯನ್ನು ಕೈಯಿಂದ ತೆಗೆಯಬೇಕು. ಅಪ್ಪಟ ರಾಗಿಯಲ್ಲಿ ಬಳಸುವವರೂ ಚೀಟಿಯಲ್ಲಿ ಹೇಳಿದ ಪ್ರಮಾಣವನ್ನು ಮೀರದೆ, ಗಾಳಿ ಇಲ್ಲದ ಹೊತ್ತಿನಲ್ಲಿ ಸಿಂಪಡಿಸಬೇಕು. ಪಕ್ಕದ ಹೊಲದಲ್ಲಿ ಟೊಮ್ಯಾಟೊ, ದ್ರಾಕ್ಷಿ ಇದ್ದರೆ ತೇಲಿಹೋದ ತುಂತುರು ಸಾಕು, ಎಲೆ ಮುರುಟುತ್ತದೆ. ಕಳೆನಾಶಕಕ್ಕೆ ಬಳಸಿದ ಕ್ಯಾನನ್ನು ಬೇರೆಯೇ ಇಡಬೇಕು. ಅದರಲ್ಲೇ ಮುಂದಿನ ವಾರ ಅವರೆಯ ಹುಳುವಿಗೆ ಔಷಧಿ ಹೊಡೆದು ಬೆಳೆ ಕಳೆದುಕೊಂಡವರಿದ್ದಾರೆ.

ಕೊನೆಯದಾಗಿ ಮಳೆ ಪುಸ್ತಕದ ವಿಚಾರ. ಬಾಯಿ ಮತ್ತು ತಳ ಒಂದೇ ಅಗಲವಿರುವ ನೇರ ಗೋಡೆಯ ಒಂದು ಡಬ್ಬ, ಒಂದು ಅಡಿಪಟ್ಟಿ, ನೂರು ಹಾಳೆಯ ಒಂದು ನೋಟುಪುಸ್ತಕ ಇದ್ದರೆ ಸಾಕು. ಡಬ್ಬವನ್ನು ಬಯಲಿನಲ್ಲಿ, ಮರ ಗೋಡೆಗಳಿಂದ ಅವುಗಳ ಎತ್ತರದ ಎರಡರಷ್ಟು ದೂರದಲ್ಲಿ ಅಲುಗಾಡದಂತೆ ನಿಲ್ಲಿಸಬೇಕು. ಪ್ರತಿ ದಿನ ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ನಿಂತ ನೀರನ್ನು ಮಿಲಿಮೀಟರಿನಲ್ಲಿ ಅಳೆದು ಚೆಲ್ಲಬೇಕು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಎಕರೆಗೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. ಪುಸ್ತಕದಲ್ಲಿ ತಾರೀಖು, ಮಳೆ ನಕ್ಷತ್ರ, ಫೋನಿನಲ್ಲಿ ಹೇಳಿದ್ದು, ಡಬ್ಬದಲ್ಲಿ ಬಿದ್ದದ್ದು ಎಂದು ನಾಲ್ಕು ಕಲಂ ಹಾಕಿ, ಐದನೆಯದನ್ನು ತಾತನಿಗೆ ಬಿಡಬೇಕು. ಅವರು ಹೊಲದಲ್ಲಿ ಗುದ್ದಲಿಯಿಂದ ಒಂದೇಟು ಅಗೆದು, ಒಂದು ಗೇಣು ನೆಂದಿದೆ, ನಾಲ್ಕು ಬೆರಳು ನೆಂದಿದೆ, ಬರೀ ಸೋನೆ, ಹದವಾಗಿದೆ ಎಂದು ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆಯಬೇಕು. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಬರೆಯುವ ಕೆಲಸವನ್ನು ಅವರಿಗೇ ವಹಿಸಬಹುದು. ಭರಣಿ ಮಳೆಗೆ ಆರಂಭಿಸಿ ಸ್ವಾತಿ ಮುಗಿಯುವವರೆಗೆ ಬಿಡದೆ ಬರೆದು, ಪುಸ್ತಕಕ್ಕೆ ದಾರ ಕಟ್ಟಿ ಪಂಚಾಂಗದ ಪಕ್ಕದ ಮೊಳೆಗೆ ನೇತುಹಾಕುವುದು.